ಡೇಂಜರ್‌ನ ಪಾಲು

ಹಿತ್ತಲಿನಲ್ಲಿ ನಿಂತಿದ್ದ ಮೂಂಗನಿಗೆ ಅಡುಗೆಮನೆಯ ಕಿಟಕಿಯಲ್ಲಿ ಕಂಡದ್ದು ಇಷ್ಟು: ಅವನ ಅತ್ತೆ ಫ್ರೀಜರ್ ತೆರೆದು, ಮುಂದಿದ್ದ ಸ್ಟೀಲ್ ಲೋಟ ಎತ್ತಿಕೊಂಡು, ಅದರಲ್ಲಿದ್ದ ಹಣ್ಣಿನ ಐಸನ್ನು ಚಮಚದಿಂದ ಕೆರೆದು ಬಾಯಿಗಿಟ್ಟುಕೊಂಡರು. ಆ ಲೋಟ ಮನೆಯ ನಾಯಿ ಡೇಂಜರ್‌ನದು. ಬರೀ ನಾಯಿಯದಾಗಿದ್ದರೆ ಹೇಗೋ ಸಹಿಸಬಹುದಿತ್ತು. ನಿನ್ನೆ ಸಂಜೆ ಅದರ ಮೇಲ್ಭಾಗವನ್ನು ತಾನು ತಿಂದು, ಆಮೇಲೆ ಡೇಂಜರ್‌ಗೆ ನೆಕ್ಕಲು ಕೊಟ್ಟು, ಅದೂ ಬಿಟ್ಟ ಅರ್ಧವನ್ನು ದಂಡವಾಗಬಾರದೆಂದು ಮೂಂಗನೇ ಮತ್ತೆ ಒಳಗಿಟ್ಟಿದ್ದ.

ಕೂಗಿ ತಡೆಯೋಣವೆಂದರೆ ಅಳಿಯನಾದವನು ಅತ್ತೆಯೊಂದಿಗೆ ಮಾತಾಡುವಂತಿಲ್ಲ. ಮುಖ ನೋಡುವಂತಿಲ್ಲ, ಒಂದೇ ಕೋಣೆಯಲ್ಲಿ ಕೂರುವಂತಿಲ್ಲ, ಒಂದೇ ಪಾತ್ರೆಯಲ್ಲಿ ಉಣ್ಣುವುದಂತೂ ದೂರದ ಮಾತು. ಅವರ ಟೊಂಗಾ ಬುಡಕಟ್ಟಿನಲ್ಲಿ ಮರ್ಯಾದೆ ಎಂದರೆ ಅದೇ. ಹಾಗಾಗಿ ಬಿನಾ ಚಿಪೆಗೊ, ಅಂದರೆ ಅವನ ಹೆಂಡತಿ ಚಿಪೆಗೊಳ ತಾಯಿ, ಹಳ್ಳಿಯಿಂದ ಹೇಳದೆ ಕೇಳದೆ ಬಂದಿಳಿದ ಕೂಡಲೇ ಮೂಂಗ ಮುಂಬಾಗಿಲು ತೆರೆದಿಟ್ಟು ಹಿತ್ತಲಿಗೆ ಓಟ ಕಿತ್ತಿದ್ದ. ಚಿಪೆಗೊ ಕೂದಲು ಹೆಣೆಯುವ ಅಂಗಡಿಯಲ್ಲಿದ್ದಳು. ಶನಿವಾರ ಅಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಅಕ್ಟೋಬರಿನ ಬಿಸಿಲು ಚೋಮಾ ಊರನ್ನು ಹುರಿಯುತ್ತಿತ್ತು. ಮೇಜಿನ ಮೇಲೆ ಒಂದು ಲೋಟ ನೀರಾದರೂ ಇಟ್ಟು ಓಡಬಹುದಿತ್ತು. ಅದಕ್ಕೆ ಯಾವ ಪದ್ಧತಿಯೂ ಅಡ್ಡ ಬರುತ್ತಿರಲಿಲ್ಲ. ಅವನಿಗೆ ಹೊಳೆದಿರಲಿಲ್ಲ, ಅಷ್ಟೆ.

ಅತ್ತೆ ಲೋಟ ಹಿಡಿದುಕೊಂಡೇ ಹಿಂಬಾಗಿಲಿಗೆ ಬಂದು, ಹಿತ್ತಲಿಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತರು. ಮೂಂಗ ಮಾವಿನ ಮರದ ಹಿಂದೆ ಸರಿದ. ಇಂಥ ಹೊತ್ತಿನಲ್ಲಿ ಮಾತು ಮುಟ್ಟಿಸಲು ನಡುವೆ ಒಬ್ಬರು ಬೇಕು. ಮಗುವಾದರೂ ಸರಿ, ಕೋಳಿಯಾದರೂ ಸರಿ. ಇವತ್ತು ಸಿಕ್ಕಿದ್ದು ಡೇಂಜರ್. ಹೆಸರಿಗೆ ಡೇಂಜರ್, ಬೆಕ್ಕು ಕಂಡರೆ ಮಂಚದ ಕೆಳಗೆ ನುಗ್ಗುವ ನಾಯಿ. ಅದು ತನ್ನ ಲೋಟದ ಮೇಲೇ ಕಣ್ಣಿಟ್ಟು ಅತ್ತೆಯ ಮುಂದೆ ಕೂತಿತ್ತು.

"ಏನಪ್ಪಾ ಡೇಂಜರ್, ನಿನ್ ಯಜಮಾನ್ರಿಗೆ ಹೇಳು. ಬಸ್ಸಲ್ಲಿ ಬೆಂದೇ ಹೋಗಿದ್ದೆ, ಇದು ಬಾಯಿಗೆ ಬಿದ್ಮೇಲೆ ಹೋದ ಜೀವ ಬಂತು ಅಂತ. ಕಲ್ಲಂಗಡಿ, ಬಾಳೆಹಣ್ಣು, ಮೊಸರು, ಅಲ್ವಾ? ಚೂರೂ ಸಕ್ಕರೆ ಹಾಕಿಲ್ಲ ನೋಡು. ನಂಗೆ ಸಕ್ಕರೆ ಕಾಯಿಲೆ ಅಂತ ನೆನಪಿಟ್ಕೊಂಡಿದಾರೆ."

ಸಕ್ಕರೆ ಬೇಡವೆಂದದ್ದು ನಾಯಿ ಡಾಕ್ಟರು. ಅತ್ತೆಗೆ ಕಾಯಿಲೆಯಿದೆ ಎಂದು ಚಿಪೆಗೊ ಎಷ್ಟೋ ಸಲ ಹೇಳಿದ್ದರೂ ಅದು ಮೂಂಗನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗಿತ್ತು.

"ಬೀಜಾನೂ ಆರಿಸಿ ತೆಗ್ದಿದಾರೆ, ಮುದುಕಿಗೆ ಹಲ್ಲಿಲ್ಲ ಅಂತ. ಅರ್ಧವೇ ಲೋಟ ಬೇರೆ! ಜಾಸ್ತಿ ತಿಂದ್ರೆ ಗಂಟಲು ಕಟ್ಟತ್ತೆ ಅಂತ ಇರ್ಬೇಕು." ಅತ್ತೆಯ ದನಿ ತಗ್ಗಿತು. "ಇಷ್ಟು ವರ್ಷದಿಂದ ನನ್ನ ಕಂಡ್ರೆ ಓಡ್ತಾರೆ ಕಣೋ. ಪದ್ಧತಿ ಅಂತ ಓಡ್ತಾರೋ, ಈ ಮುದುಕಿ ಯಾಕಾದ್ರೂ ಬಂದ್ಲೋ ಅಂತ ಓಡ್ತಾರೋ, ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು."

ಮೂಂಗನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಬೀಜಗಳನ್ನು ಆರಿಸುವಾಗ ಅವನು ಹಾಡು ಗುನುಗುತ್ತಿದ್ದ, ಅದೂ ನಾಯಿಯ ಹೊಟ್ಟೆಗಾಗಿ. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು.

"ಡೇಂಜರ್, ಹಿರೀರಿಗೆ ಹೇಳು..." ಎಂದು ಶುರು ಮಾಡಿದ. ಮರದ ತೊಗಟೆಯನ್ನು ಉಗುರಿನಿಂದ ಕೆರೆದ. "ಒಳಗೆ ಇನ್ನೂ ಇದೆ, ಹಿಂದುಗಡೆ ಇರೋದು ತಗೊಳ್ಳಿ ಅಂತ ಹೇಳು."

"ಬೇಡವಂತೆ ಅಂತ ಹೇಳಪ್ಪ. ಇದೇ ಸಾಕು," ಎಂದು ಅತ್ತೆ ಲೋಟದ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದರು. ಮೂಂಗ ಕಣ್ಣು ಮುಚ್ಚಿಕೊಂಡ. ತನ್ನದಲ್ಲದ ಹೊಗಳಿಕೆಯನ್ನು ಕಳ್ಳನ ಹಾಗೆ ಜೇಬಿಗಿಳಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಚಿಪೆಗೊ ಬಂದಳು. ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ ತಾಯಿಗೆ ವಂದಿಸಿದಳು. ಅಷ್ಟರಲ್ಲಿ ಡೇಂಜರ್ ಫ್ರೀಜರಿನ ಬಾಗಿಲು ಕೆರೆಯತೊಡಗಿತ್ತು.

"ಇರೋ, ಕೊಡ್ತೀನಿ," ಎಂದು ಅವಳು ಒಳಗೆ ಕೈಹಾಕಿ ಹುಡುಕಿದಳು. "ಲೇ ಡೇಂಜರ್, ನಿನ್ನೆ ನೀನು ನೆಕ್ಕಿ ಬಿಟ್ಟಿದ್ಯಲ್ಲ ಅರ್ಧ ಲೋಟ, ಎಲ್ಲೋ ಅದು?"

ಮರದ ಹಿಂದೆ ಮೂಂಗ ಇನ್ನಷ್ಟು ಮುದುಡಿಕೊಂಡ. ಇನ್ನು ಚೀರಾಟ ಬರುತ್ತದೆ, ಊರಿನ ಹಿರಿಯರು ಬರುತ್ತಾರೆ, ತನ್ನ ಎಂಜಲನ್ನೂ ನಾಯಿಯ ಎಂಜಲನ್ನೂ ಅತ್ತೆಗೆ ತಿನ್ನಿಸಿದ ಅಳಿಯ ಎಂದು ಇಡೀ ಚೋಮಾ ಬೆರಳು ತೋರಿಸುತ್ತದೆ.

"ಅದಾ? ಕರಗಿ ನೀರಾಗಿತ್ತು ಕಣೇ. ನಾನೇ ಚೆಲ್ಲಿ ಲೋಟ ತೊಳೆದಿಟ್ಟೆ," ಎಂದರು ಅತ್ತೆ.

"ಮತ್ತೆ ಕರೆಂಟ್ ಹೋಗಿತ್ತಾ? ಹಾಳಾದ್ದು," ಎಂದು ಗೊಣಗುತ್ತ ಚಿಪೆಗೊ ಬೇರೆ ಲೋಟ ತೆಗೆದು ನಾಯಿಯ ಮುಂದಿಟ್ಟು, ಬಟ್ಟೆ ಬದಲಿಸಲು ಹೋದಳು.

ಅತ್ತೆ ಮತ್ತೆ ಹೊಸ್ತಿಲಿಗೆ ಬಂದು, ಹಿತ್ತಲಿಗೆ ಬೆನ್ನು ಮಾಡಿ ಕೂತರು. ಲೋಟದೊಳಗೆ ಮೂತಿ ತೂರಿಸಿದ್ದ ಡೇಂಜರ್‌ನ ತಲೆ ಸವರುತ್ತ, ಮಾವಿನ ಮರದ ತನಕ ಕೇಳುವಷ್ಟು ದನಿಯಲ್ಲಿ ಹೇಳಿದರು:

"ನಿನ್ನ ಎಂಜಲು ನಾನು ತಿಂದೆ ಅಂತ ನಿನ್ ಯಜಮಾನ್ರಿಗೆ ಮಾತ್ರ ಹೇಳ್ಬೇಡಪ್ಪ. ಪಾಪ, ಅವರಿಗೆ ನಾಚ್ಕೆ ಆಗತ್ತೆ."