ಕ್ಯಾರಿಯರ್‌ಗೆ ಸುತ್ತಿದ್ದ ಬಟ್ಟೆ

ಪುಟ್ಟಸಿದ್ದಮ್ಮನ ಕೈ ಸೈಕಲ್ಲಿನ ಕ್ಯಾರಿಯರ್ ಮೇಲೆ ಏನನ್ನೋ ತಡಕಾಡಿತು. ತೀರಿಹೋದ ಗಂಡನ ಆ ಹಳೆಯ ಸೈಕಲ್ಲನ್ನು ಕಳಲೆಯಿಂದ ತಂದುಕೊಟ್ಟಿದ್ದವಳು ಅವಳೇ. ನಂಜನಗೂಡಿನಲ್ಲಿ ಸೈಕಲ್ ರಿಪೇರಿ ಮಾಡುವ ರುದ್ರಪ್ಪ ಮೂರು ತಿಂಗಳು ಕೂತು ಅದಕ್ಕೆ ಮೊದಲಿನ ಹೊಳಪು ತಂದಿದ್ದ. ಈಗಲೂ ಒಂದು ಬಟ್ಟೆಯಿಂದ ಚೈನಿನ ಎಣ್ಣೆ ಒರೆಸುತ್ತಲೇ ಇದ್ದ.

"ಇಲ್ಲೊಂದು ಬಟ್ಟೆ ಸುತ್ತಿತ್ತಲ್ಲಪ್ಪಾ?"

"ಅದಾ? ಅಳೇ ಚಿಂದಿ ಕಣವ್ವಾ, ಬಿಚ್ಚಾಕ್ದೆ. ಕಂಬಿ ಎಂಗ್ ಒಳೀತದೆ ನೋಡು!"

"ಅವ್ರ ಪಂಚೆ ಕಣಪ್ಪ ಅದು. ನಾನು ಚೊಚ್ಚಲ ಬಸುರಿ ಆಗಿದ್ದಾಗ, ಕಂಬಿ ಒತ್ತಬಾರ್ದು ಅಂತ ಉಟ್ಟಿದ್ದುನ್ನೇ ಅರ್ದು ಸುತ್ತಿದ್ರು. ಕೊನೇಗಂಟ ಅದ್ರ ಮೇಲೇ ಕೂತ್ಕೊಂಡು ಓಡಾಡ್ದೆ."

ರುದ್ರಪ್ಪನ ಕೈ ನಿಂತಿತು. ಅದರಲ್ಲಿದ್ದ, ಎಣ್ಣೆಯಿಂದ ಕಪ್ಪಾದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿ ನೋಡಿದ. ಒಂದು ಮೂಲೆಯಲ್ಲಿ ಪಂಚೆಯ ಕೆಂಪಂಚು ಇನ್ನೂ ಉಳಿದಿತ್ತು.