ಕಣದ ತೀರ್ಪು

“ನಿನ್ನ ಬಣವೆ ಇಂಗೇ ಬೆಳೀತಾ ಓದ್ರೆ, ನನ್ನ ಉಲ್ಲನ್ನ ನಾನು ತಲೆ ಮೇಲೆ ಒಟ್ಕೊಳ್ಳಾ?” ಎಂದು ಕದಿರಪ್ಪ ಕೆಳಗಿನಿಂದ ಕೂಗಿದ.

“ಒಟ್ಕೋಲಾ, ಅಲ್ಲಿ ಜಾಗ ಖಾಲೀನೇ ಐತಲ್ಲ,” ಎಂದು ಅಣ್ಣ ದೊಡ್ಡವೆಂಕಟಪ್ಪ ಬಣವೆಯ ಮೇಲಿಂದ ನಕ್ಕ. ಬೇತಮಂಗಲದ ಹತ್ತಿರದ ಆ ಊರಲ್ಲಿ ಅಣ್ಣತಮ್ಮಂದಿರ ಹೊಲ ಪಾಲಾಗಿದ್ದರೂ ಒಕ್ಕುವ ಕಣ ಮಾತ್ರ ಒಂದೇ ಉಳಿದಿತ್ತು. ಅದರ ಮುಕ್ಕಾಲು ಭಾಗವನ್ನು ಅಣ್ಣನ ಬಣವೆ ನುಂಗಿತ್ತು. ತಮ್ಮನ ರಾಗಿಹುಲ್ಲು ಇನ್ನೂ ಗಾಡಿಯಲ್ಲೇ ಇತ್ತು. ಮಳೆಗೆ ಸಿಕ್ಕಿ ಕೊಳೆತರೆ ಅವನ ಹಸುಗಳಿಗೆ ಬೇರೆ ಮೇವಿರಲಿಲ್ಲ.

ಅಷ್ಟರಲ್ಲಿ ಕಣದ ಪಕ್ಕದ ಮನೆಯೊಳಗಿಂದ ಕದಿರಪ್ಪನ ಮಗಳು ಸುಮಿತಾಳ ದನಿ ಕೇಳಿತು. ಮರುದಿನ ಬಂಗಾರಪೇಟೆಯ ಕಾಲೇಜಿನಲ್ಲಿ ಅವಳು ಜೀವಕೋಶದ ಬಗ್ಗೆ ಮಾತಾಡಬೇಕಿತ್ತು. ಗೋಡೆಯನ್ನೇ ಮೇಷ್ಟ್ರೆಂದುಕೊಂಡು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು: “ಕಣದೊಳಗೆ ಯಾವುದು ಎಷ್ಟಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದನ್ನು ಕಣವೇ ನಿರ್ಧರಿಸುತ್ತದೆ. ಒಂದು ಮಿತಿಮೀರಿ ಬೆಳೆದರೆ ಇನ್ನೊಂದಕ್ಕೆ ಏನೂ ಉಳಿಯುವುದಿಲ್ಲ. ಆಗ ಹೆಚ್ಚಾದದ್ದನ್ನು ಕಣವೇ ಒಡೆದು ತಿಂದುಹಾಕುತ್ತದೆ!”

ಪುಸ್ತಕದ ಕನ್ನಡದಲ್ಲಿ ಜೀವಕೋಶವೂ ಕಣವೇ ಎಂಬುದು ಅಣ್ಣತಮ್ಮಂದಿರಿಬ್ಬರಿಗೂ ಗೊತ್ತಿರಲಿಲ್ಲ. ಹುಲ್ಲು ಒಟ್ಟುತ್ತಿದ್ದ ದೊಡ್ಡವೆಂಕಟಪ್ಪನ ಕೈ ಅಲ್ಲೇ ನಿಂತಿತು.

“ಏನ್ಲಾ ಅದು? ಕಣಾನೇ ತಿಂತದಂತಾ?”

“ನಂಗೇನು ಗೊತ್ತಣ್ಣಾ? ಓದಿರೋ ಮಗು ಏಳ್ತಾ ಐತೆ. ಬುಕ್ಕಲ್ಲೇ ಬರ್ದವ್ರಂತೆ.”

ದೊಡ್ಡವೆಂಕಟಪ್ಪ ಬಣವೆಯಿಂದ ಜಾರಿ ಇಳಿದ. ಕಣದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ತನ್ನ ಬಣವೆಯದೇ ಒಂದು ಹೊರೆ ಹುಲ್ಲನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ತಿರುಗಿಯೂ ನೋಡದೆ, ತನ್ನ ಹಿತ್ತಿಲ ಕಡೆಗೆ ನಡೆದ.