ಹೆಸರಿಲ್ಲದ ಎಡೆ

ಪಕ್ಕದ ಮನೆಯಿಂದ ವಡೆ ಕರಿಯುವ ವಾಸನೆ ಬರುತ್ತಿದೆ, ವಂಶವೃಕ್ಷ ಬರೆಯುತ್ತಿರುವ ನನ್ನ ಪೆನ್ನು ಅಜ್ಜಿಯ ತಾಯಿಯ ಹೆಸರಿನ ಜಾಗಕ್ಕೆ ಬಂದು ನಿಂತಿದೆ.

ಆಗ ನಾನು ಮೂರನೇ ಕ್ಲಾಸು. ಗುಮ್ಮಳಾಪುರದ ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಸಿ, ತೀರಿಹೋದ ಒಬ್ಬೊಬ್ಬರಿಗೂ ಇಷ್ಟವಾಗಿದ್ದನ್ನು ಬಡಿಸಿದ್ದರು. ತಾತನ ಎಲೆಯ ಪಕ್ಕ ಬೀಡಿ ಕಟ್ಟೂ ಇತ್ತು. ಕೊನೆಯ ಎಲೆಗೆ ಮಾತ್ರ ಅಜ್ಜಿ ಮಾಡಿದ್ದೆಲ್ಲವನ್ನೂ ಚೂರುಚೂರು ಇಟ್ಟಳು.

"ಇದ್ಯಾರ್ದಜ್ಜಿ?" ಅಂದೆ.

"ನಮ್ಮಮ್ಮಂದು ಮಗಾ. ಕುಯ್ಲಿಗೆ ಬಂದಿದ್ದೋಳಂತೆ, ನನ್ನ ಹೆತ್ತು ಇಲ್ಲೇ ಕಣ್ಮುಚ್ಚುದ್ಲು. ನಾಟ್ರಾಂಪಾಳ್ಯದೋಳು ಅಂತಾರೆ, ತೆಲುಗ್ನೋಳು ಅಂತಾನೂ ಅಂತಾರೆ. ಏನಿಷ್ಟವೋ ಯಾರ್ಗೊತ್ತು?"

ಅಜ್ಜಿಯ ಹಿರಿಮಗ, ನಮ್ಮ ದೊಡ್ಡಪ್ಪ, ಧೂಪ ಹಿಡಿದು ಒಬ್ಬೊಬ್ಬರನ್ನೇ ಹೆಸರು ಹೇಳಿ ಕರೆಯುತ್ತಾ ಬಂದು ಆ ಎಲೆಯ ಮುಂದೆ ತಡೆದು ನಿಂತರು.

"ಲಕ್ಷ್ಮಮ್ಮ ಅಂದ್ಬುಡ್ಲೇನಮ್ಮ? ಏನೋ ಒಂದು ಹೆಸ್ರು."

"ಬ್ಯಾಡ ಕಣ್ಲಾ. ಬ್ಯಾರೆಯೋರ ಹೆಸ್ರು ಕೂಗುದ್ರೆ ನಮ್ಮಮ್ಮ ಹೆಂಗ್ ಬತ್ತಾಳೆ?"

ಧೂಪವನ್ನು ತಾನೇ ಇಸಕೊಂಡು, ಎಲೆಯ ಮುಂದೆ ಮಂಡಿಯೂರಿ ಕೂತಳು.

"ಅಮ್ಮಾ, ಬಾಮ್ಮಾ, ಉಣ್ಣು."

ಆ ದನಿ ನನಗಿಂತ ಚಿಕ್ಕ ಹುಡುಗಿಯದೆನ್ನುವಂತಿತ್ತು.